ಅಂಗಾಲಿನ ಕಪ್ಪು ಕಲೆಯನ್ನು ಆಣಿ ಎಂದು ಬಿಡಬೇಡಿ

ಪ್ರಶ್ನೆ: ಚರ್ಮದ ಕ್ಯಾನ್ಸರಿನಿಂದ ಸಾಯುವವರು ಬಿಳಿಯರಲ್ಲಿ ಹೆಚ್ಚು, ಕಪ್ಪು–ಕಂದು ಮೈಬಣ್ಣದವರಲ್ಲಿ ತೀರಾ ಕಡಿಮೆ ಎಂದು ಓದಿದೆ. ನಮ್ಮ ತಂದೆಯವರಿಗೆ 62 ವರ್ಷ. ಅಡಿಕೆ ತೋಟದಲ್ಲಿ ಬರಿಗಾಲಲ್ಲೇ ಓಡಾಡುತ್ತಾರೆ. ವರ್ಷದಿಂದ ಅವರ ಹಿಮ್ಮಡಿಯಲ್ಲೊಂದು ಕಪ್ಪು ಕಲೆ ಬೆಳೆಯುತ್ತಿದೆ. ಆಣಿ ಎಂದು ಸುಣ್ಣ ಹಚ್ಚಿಕೊಳ್ಳುತ್ತಾರೆ. ಸುಮ್ಮನಿರಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸುಮ್ಮನಿರಬೇಡಿ. ಈ ವಾರವೇ ಚರ್ಮರೋಗ ವೈದ್ಯರಿಗೆ ತೋರಿಸಿ, ಸುಣ್ಣ ಹಚ್ಚುವುದನ್ನು ಇಂದೇ ನಿಲ್ಲಿಸಿ.

ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಅರ್ಧ ಲೆಕ್ಕ. ಸಾವಿನ ದರ ಎಂದರೆ ಒಂದು ಲಕ್ಷ ಜನಸಂಖ್ಯೆಯಲ್ಲಿ ಈ ಕಾಯಿಲೆಯಿಂದ ಸತ್ತವರೆಷ್ಟು ಎಂಬುದು. ಕಾಯಿಲೆ ಬಂದವರಲ್ಲಿ ಉಳಿದವರೆಷ್ಟು ಎಂಬುದು ಬೇರೆಯೇ ಲೆಕ್ಕ. ಅಮೆರಿಕದಲ್ಲಿ ಮೆಲನೋಮ ಎಂಬ ಅತಿ ಅಪಾಯದ ಚರ್ಮದ ಕ್ಯಾನ್ಸರ್ ಜೀವಮಾನದಲ್ಲಿ ಬರುವುದು ಬಿಳಿಯರಲ್ಲಿ ಸುಮಾರು 33 ಮಂದಿಯಲ್ಲಿ ಒಬ್ಬರಿಗೆ, ಕಪ್ಪು ವರ್ಣೀಯರಲ್ಲಿ ಸುಮಾರು 1,000 ಮಂದಿಯಲ್ಲಿ ಒಬ್ಬರಿಗೆ. ಬಂದ ಮೇಲೆ 5 ವರ್ಷ ಬದುಕುವವರು ಬಿಳಿಯರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು, ಕಪ್ಪು ವರ್ಣೀಯರಲ್ಲಿ ಸುಮಾರು 70. ಅಪರೂಪದ ಕಾಯಿಲೆ ಎಂದು ಯಾರೂ ಅನುಮಾನಿಸುವುದಿಲ್ಲ, ಗೊತ್ತಾಗುವ ಹೊತ್ತಿಗೆ ಅದು ಆಳಕ್ಕಿಳಿದಿರುತ್ತದೆ.

ಮೈಮೇಲೆ ಅದು ಹುಟ್ಟುವ ಜಾಗವೂ ಬೇರೆ. ಬಿಳಿ ಚರ್ಮದ ಜನ ಬಿರುಬಿಸಿಲಿನಲ್ಲಿ ನೆಲೆಸಿದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮೆಲನೋಮ ಜಗತ್ತಿನಲ್ಲೇ ಅತಿ ಹೆಚ್ಚು. ಅಲ್ಲಿ ಮುಖ್ಯ ಕಾರಣ ಬಿಸಿಲು. ನಮ್ಮ ಮೈಬಣ್ಣ ಆ ಬಿಸಿಲಿನಿಂದ ಬಹುಮಟ್ಟಿಗೆ ಕಾಯುತ್ತದೆ. ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಹುಟ್ಟುವ ಮೆಲನೋಮಕ್ಕೆ ಬಿಸಿಲು ಮುಖ್ಯ ಕಾರಣವಲ್ಲ, ಹಾಗಾಗಿ ಅಲ್ಲಿ ಬಣ್ಣದ ರಕ್ಷಣೆಯೂ ನಡೆಯುವುದಿಲ್ಲ. ಜಮೈಕಾದ ಕಪ್ಪು ವರ್ಣೀಯ ಗಾಯಕ ಬಾಬ್ ಮಾರ್ಲಿ 1981ರಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಹುಟ್ಟಿದ ಮೆಲನೋಮದಿಂದ.

ಕಾಲು ತೊಳೆದು, ಒರೆಸಿ, ಹಗಲು ಬೆಳಕಿನಲ್ಲಿ ನೋಡಿ. ಅಂಚು ಅಂಕುಡೊಂಕಾಗಿದೆಯೇ, ಒಂದೇ ಕಲೆಯಲ್ಲಿ ಕಂದು, ಕಪ್ಪು, ನೀಲಿ ಬೆರೆತಿದೆಯೇ, 6 ಮಿ.ಮೀ.ಗಿಂತ ಅಗಲವೇ, ರಕ್ತ ಜಿನುಗುತ್ತದೆಯೇ ಗಮನಿಸಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದುಕೊಂಡರೆ ವೈದ್ಯರಿಗೆ ಅನುಕೂಲ. ಇವು ಯಾವುವೂ ಇಲ್ಲದಿದ್ದರೂ ಬೆಳೆಯುತ್ತಿರುವ ಕಲೆಯನ್ನು ತೋರಿಸಲೇಬೇಕು. ಉಗುರಿನ ವಿಷಯದಲ್ಲಿ ಒಂದು ಗುರುತು: ಎಡವಿ ಕಟ್ಟಿದ ರಕ್ತ ಉಗುರು ಬೆಳೆದಂತೆ ಮುಂದೆ ಸರಿಯುತ್ತದೆ, ಕಾಲಿನ ಹೆಬ್ಬೆರಳಿನಲ್ಲಿ ಪೂರ್ತಿ ಹೋಗಲು 12ರಿಂದ 18 ತಿಂಗಳು ಬೇಕು. ಸರಿಯದೆ ಬುಡದಿಂದ ತುದಿವರೆಗೆ ಪಟ್ಟೆಯಾಗಿ ಅಗಲವಾಗುತ್ತಿದ್ದರೆ, ಉಗುರಿನ ಸುತ್ತಲ ಚರ್ಮಕ್ಕೂ ಕಪ್ಪು ಹರಡಿದ್ದರೆ ತಡಮಾಡಬೇಡಿ.

ಸುಣ್ಣ–ಸೋಡಾ, ಕೇರಿನ ಎಣ್ಣೆ ಮೇಲ್ಪದರವನ್ನಷ್ಟೇ ಸುಡುತ್ತವೆ. ಒಳಗಿನದು ಬೆಳೆಯುತ್ತಲೇ ಇರುತ್ತದೆ, ಮೇಲಿನ ಹುಣ್ಣಿನಿಂದ ಗುರುತು ಹಿಡಿಯುವುದೂ ಕಷ್ಟವಾಗುತ್ತದೆ. ಮುಟ್ಟಿ ಕತ್ತರಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆ ನಮ್ಮ ಕಡೆ ಬಹಳ, ಬಯಾಪ್ಸಿಯಿಂದ (ತುಣುಕು ತೆಗೆದು ಪರೀಕ್ಷಿಸುವುದರಿಂದ) ಹಾಗಾಗುವುದಿಲ್ಲ. ವರದಿ ಬಂದಾಗ ಗೆಡ್ಡೆಯ ಆಳ ಎಷ್ಟು ಮಿಲಿಮೀಟರ್ ಎಂದು ಕೇಳಿ. ಮುಂದಿನದೆಲ್ಲ ಬಹುಪಾಲು ಆ ಅಂಕಿಯ ಮೇಲೆ ನಿಂತಿದೆ. 1 ಮಿ.ಮೀ. ಒಳಗಿದ್ದರೆ ಸುತ್ತಲಿನ 1 ಸೆಂ.ಮೀ. ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ; 4 ಮಿ.ಮೀ. ದಾಟಿದರೆ ಅಪಾಯ ಬಹಳ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು. ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಪ್ರಶ್ನೆ: ಚಿಕ್ಕಂದಿನಲ್ಲಿ ಬಚ್ಚಲ ಹಂಡೆಯ ಬಿಸಿನೀರು ಬಿದ್ದು ಅತ್ತೆಯವರ ಕಾಲು ಸುಟ್ಟಿತ್ತು. ಆ ಕಲೆಯಲ್ಲೀಗ ಮೂರು ತಿಂಗಳಿಂದ ಮಾಯದ ಹುಣ್ಣು. ಸಕ್ಕರೆ ಕಾಯಿಲೆ ಇಲ್ಲ.
– ಸಾಗರ

ಉತ್ತರ: ಹಳೆಯ ಸುಟ್ಟ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಗಾಯದಲ್ಲಿ 30 ವರ್ಷಗಳಾದ ಮೇಲೂ ಕ್ಯಾನ್ಸರ್ ಹುಟ್ಟಬಹುದು. ಅಂಚು ಗಟ್ಟಿಯಾಗಿ ಉಬ್ಬುವುದು, ದುರ್ವಾಸನೆ, ಮುಟ್ಟಿದರೆ ರಕ್ತ, ತೊಡೆಸಂದಿನಲ್ಲಿ ಗಂಟು ಇವು ಅದರ ಸೂಚನೆ. ಇನ್ನು ಮುಲಾಮು ಬದಲಿಸುತ್ತ ಕಾಯಬೇಡಿ, ಅಂಚಿನಿಂದ ಬಯಾಪ್ಸಿ ಮಾಡಿಸಿ. ಒಂದು ತುಣುಕಿನಲ್ಲಿ ಸಿಗದೆ ಹೋಗಬಹುದು. ಅನುಮಾನ ಉಳಿದರೆ ಬೇರೆ ಬೇರೆ ಜಾಗದಿಂದ ಮತ್ತೆ ತೆಗೆಸಬೇಕು.

ಪ್ರಶ್ನೆ: ಹಾಗಾದರೆ ಬಿಸಿಲಿಗೆ ನಾವು ಹೆದರಬೇಕಿಲ್ಲವೇ?
– ಹೊಸನಗರ

ಉತ್ತರ: ಹುಟ್ಟಿನಿಂದಲೇ ಮೈ, ಕೂದಲು ಬೆಳ್ಳಗಿರುವ ಮಕ್ಕಳು ಮನೆಯಲ್ಲಿದ್ದರೆ ಖಂಡಿತ ಹೆದರಬೇಕು. ಅವರಿಗೆ ತುಂಬು ತೋಳಿನ ಅಂಗಿ, ಕಿವಿ ಮತ್ತು ಕುತ್ತಿಗೆ ಮುಚ್ಚುವ ಅಗಲ ಅಂಚಿನ ಟೋಪಿ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಬೇಕು. ಶಾಲೆಯಲ್ಲಿ ಆಟದ ಪೀರಿಯಡ್ಡನ್ನು ಬೆಳಿಗ್ಗೆ ಬೇಗ ಅಥವಾ ಸಂಜೆಗೆ ಇಡುವಂತೆ ಮೇಷ್ಟ್ರಿಗೆ ಹೇಳಿ. ತಲೆಯ ಮೇಲಿನ ಅಡಿಕೆ ಹಾಳೆಯ ಟೋಪಿ ಒಂದೇ ಸಾಲದು, ಅದು ಕಿವಿ ಮುಚ್ಚುವುದಿಲ್ಲ.