ಕೊರಿಯನ್ ಸಹೋದ್ಯೋಗಿಗೆ ಇಂಗ್ಲಿಷ್ ಪದ ಕಲಿಸಲು ಯಾವ ಪಟ್ಟಿ ಒಳ್ಳೆಯದು?

ದಿನಕ್ಕೆ 30 ಪದ ಬಾಯಿಪಾಠ ಮಾಡಿದರೂ ಅವರಿಗೆ ಮಾತು ಬರುತ್ತಿಲ್ಲ, ಇನ್ನೊಂದು ಒಳ್ಳೆ ಪಟ್ಟಿ ಹೇಳಿ ಅಂದಿದ್ದೀರಿ. ದಯವಿಟ್ಟು ಪಟ್ಟಿ ಕೊಡಬೇಡಿ.

ನಾನು ಕೊರಿಯಾದ ಸುವಾನ್ ನಗರದಲ್ಲಿದ್ದಾಗ ಪಕ್ಕದ ಸೀಟಿನ ಸೇಲ್ಸ್‌ನವರು ಇಂಗ್ಲಿಷ್ ಮೇಲ್‌ಗಳನ್ನು ನನಗೆ ತೋರಿಸಿಯೇ ಕಳಿಸುತ್ತಿದ್ದರು. ಅವರ ಪದಗಳ ನೋಟ್‌ಬುಕ್ಕಿನಲ್ಲಿ ನನಗೇ ಗೊತ್ತಿಲ್ಲದ ಪದಗಳಿದ್ದವು. ಎಲ್ಲ ಅಲ್ಲಿನ ಕಾಲೇಜು ಪ್ರವೇಶದ ಸುನುಂಗ್ ಪರೀಕ್ಷೆಗೆ ಓದಿದ್ದು. ಅದರ ಇಂಗ್ಲಿಷ್ ಲಿಸನಿಂಗ್ ನಡೆಯುವಾಗ ದೇಶದಲ್ಲಿ ವಿಮಾನ ಹಾರಿಸುವುದು, ಇಳಿಸುವುದನ್ನೂ ನಿಲ್ಲಿಸುತ್ತಾರೆ, ಅಷ್ಟು ಮುಖ್ಯ. ಆದರೆ ಮಾತಾಡುವ ಭಾಗವೇ ಅದರಲ್ಲಿಲ್ಲ.

ಒಮ್ಮೆ ಪೀಣ್ಯದ ಗಿರಾಕಿಗೆ, ಮಷೀನ್ ಜೊತೆ ಎರಡು ಪಾರ್ಟ್ 'ಸರ್ವಿಸ್ ಆಗಿ' ಕಳಿಸುತ್ತೇವೆ ಅಂತ ಬರೆದರು. ನಾನು ಗ್ರಾಮರ್ ನೋಡಿದೆ, ಸ್ಪೆಲ್ಲಿಂಗ್ ನೋಡಿದೆ, ಕಳಿಸಿ ಅಂದೆ. ಕಷ್ಟದ ಪದ ಎಲ್ಲಿದೆ ಅಂತಲೇ ಹುಡುಕುತ್ತಿದ್ದೆ, ಹಾಗಾಗಿ ಇಬ್ಬರಿಗೂ ಗೊತ್ತಿದ್ದ ಪದದ ಮೇಲೆ ಕಣ್ಣು ನಿಲ್ಲಲೇ ಇಲ್ಲ. ಕೊರಿಯಾದಲ್ಲಿ 'ಸೊಬಿಸು' ಅಂದರೆ ಪುಕ್ಕಟೆ ಅಂತಲೂ ಅರ್ಥ. ಹೋಟೆಲಿನಲ್ಲಿ ನಾವು ಕೇಳದೇ ಇದ್ದ ಒಂದು ತಟ್ಟೆ ಮಂಡು (ಹೂರಣ ತುಂಬಿದ ಕಡುಬಿನಂಥದ್ದು) ತಂದಿಟ್ಟು 'ಸೊಬಿಸು' ಅನ್ನುತ್ತಾರೆ, ಅದಕ್ಕೆ ಬಿಲ್ ಇಲ್ಲ. ಇದನ್ನು ನಾನು ಎಷ್ಟೋ ಸಲ ತಿಂದಿದ್ದೆ, ಆದರೂ ಮೇಲ್ ಓದುವಾಗ ಹೊಳೆಯಲಿಲ್ಲ. ಪೀಣ್ಯದವರಿಗೆ ಸರ್ವಿಸ್ ಅಂದರೆ ರಿಪೇರಿ. ರಿಪೇರಿ ಮಾಡಿದ ಹಳೇ ಪಾರ್ಟ್ ತಳ್ಳುತ್ತಿದ್ದಾರೆ ಅಂದುಕೊಂಡು ಪೇಮೆಂಟ್ ತಡೆದರು. ವಿಷಯ ಬಗೆಹರಿಯಿತು, ಆದರೆ ಆ ಸೇಲ್ಸ್‌ನವರನ್ನು ಹೊರದೇಶದ ಗಿರಾಕಿಗಳ ಕೆಲಸದಿಂದಲೇ ತೆಗೆದರು. ಅವರು ನನ್ನ ಜೊತೆಗೂ ಇಂಗ್ಲಿಷ್ ಮಾತಾಡುವುದನ್ನು ಬಿಟ್ಟರು. ಅದು ನನಗೆ ಇವತ್ತಿಗೂ ಬೇಜಾರು.

ಅದಕ್ಕೇ ಹೇಳ್ತೀನಿ, ಹೊಸ ಪದ ಆಮೇಲೆ. ಕೊರಿಯನ್‌ನಲ್ಲಿ ಆಗಲೇ ಸೇರಿಹೋಗಿರುವ ಇಂಗ್ಲಿಷ್ ಪದಗಳನ್ನು ಮೊದಲು ಅವರಿಂದಲೇ ಬರೆಸಿ. ಅಲ್ಲಿ 'ಕನ್ನಿಂಗ್' ಅಂದರೆ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು, 'ನೋಟ್‌ಬುಕ್' ಅಂದರೆ ಲ್ಯಾಪ್‌ಟಾಪ್. 'ಮೀಟಿಂಗ್' ಅಂದರೆ ಕಾಲೇಜು ಹುಡುಗ ಹುಡುಗಿಯರು ಪರಿಚಯಕ್ಕೆ ಅಂತ ಗುಂಪಾಗಿ ಸೇರುವುದೂ ಹೌದು.

ಉಚ್ಚಾರಣೆ ಬಗ್ಗೆ ಈಗಲೇ ಪೀಡಿಸಬೇಡಿ. ಅವರ ಭಾಷೆಯಲ್ಲಿ ಎಫ್ ಸದ್ದಿಲ್ಲ, ಕಾಫಿ 'ಕಾಪಿ' ಆಗುತ್ತದೆ. ನಮ್ಮೂರಲ್ಲೂ ಹಾಗೇ ತಾನೇ?

ಆಮೇಲೆ ಹೊಸ ಪದಗಳನ್ನು ವಾಕ್ಯದಲ್ಲೇ ಕೊಡಿ. 'ವೇರ್' (wear) ಅನ್ನೋ ಒಂದು ಪದಕ್ಕೆ ಅವರಲ್ಲಿ ಬಟ್ಟೆಗೊಂದು, ಶೂಗೊಂದು, ಟೋಪಿಗೊಂದು ಕ್ರಿಯಾಪದ ಇದೆ. ಸೀರೆ ಉಡುವ, ಬಳೆ ತೊಡುವ, ಹೂ ಮುಡಿಯುವ ನಮಗೆ ಅವರ ಗೊಂದಲ ಬೇಗ ಅರ್ಥವಾಗುತ್ತದೆ. ಮೂರು ವಾಕ್ಯ ಬರೆಸಿ, ಅವರ ಬಾಯಲ್ಲೇ ಹೇಳಿಸಿ.