ಮರಾವಿಚ್ ಮೇಲೋ, ಕರಿ ಮೇಲೋ?

ಪ್ರಶ್ನೆ: ನನ್ನ ಮಗ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನೆಲೆಸಿದ್ದಾನೆ. ಮಾರ್ಚ್ ತಿಂಗಳು ಬಂತೆಂದರೆ ಫೋನಿನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಬಿಟ್ಟು ಬೇರೆ ಮಾತಿಲ್ಲ. ಡೇವಿಡ್ಸನ್ ಕಾಲೇಜಿನಲ್ಲಿ ಆಡಿದ ಸ್ಟೀಫನ್ ಕರಿಯೇ ಎಲ್ಲ ಕಾಲದ ಶ್ರೇಷ್ಠ ಕಾಲೇಜು ಗಾರ್ಡ್ (ಬುಟ್ಟಿಯಿಂದ ದೂರ ನಿಂತು ಚೆಂಡು ನಡೆಸುವ ಆಟಗಾರ) ಎಂಬುದು ಅವನ ವಾದ. ನಾನು ಅಂಕಿಅಂಶ ಹುಡುಕಿದರೆ 1967ರಿಂದ 1970ರವರೆಗೆ ಆಡಿದ ಪೀಟ್ ಮರಾವಿಚ್ ಅವರ ಸರಾಸರಿ ಪಂದ್ಯಕ್ಕೆ 44.2 ಅಂಕ, ಕರಿ ಅವರದು 25.3. ಇಷ್ಟು ಅಂತರವಿದ್ದ ಮೇಲೆ ಚರ್ಚೆಗೆ ಏನು ಉಳಿಯಿತು?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಸರಾಸರಿಯೊಂದನ್ನೇ ನೋಡುವುದಾದರೆ ತಮ್ಮ ಮಾತಿಗೆ ಎದುರಿಲ್ಲ. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ ಮರಾವಿಚ್ ಮೂರು ಸೀಸನ್‌ಗಳಲ್ಲಿ 83 ಪಂದ್ಯಗಳನ್ನಾಡಿ ಗಳಿಸಿದ 3,667 ಅಂಕಗಳು ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ಮೊದಲ ದರ್ಜೆಯ ಪುರುಷರ ಪಟ್ಟಿಯಲ್ಲಿ ಇಂದಿಗೂ ಮೇಲ್ತುದಿಯಲ್ಲಿವೆ. ಮೂರು ವರ್ಷಗಳ ಸರಾಸರಿ 43.8, 44.2, 44.5, ಒಂದು ವರ್ಷವೂ ಇಳಿದದ್ದಿಲ್ಲ. ಆದರೆ ಈ ಅಂಕಗಳನ್ನು ಯಾವ ನಿಯಮಗಳ ಕೆಳಗೆ, ಎಷ್ಟು ಎಸೆತಗಳಿಂದ, ಯಾರ ಎದುರು ಗಳಿಸಿದರು ಎಂಬುದನ್ನು ನೋಡದೆ ನಲವತ್ತು ವರ್ಷ ತಡವಾಗಿ ಆಡಿದವರ ಪಕ್ಕದಲ್ಲಿ ಇಟ್ಟರೆ, ಎರಡು ಬೇರೆ ಆಟಗಳ ಅಂಕಗಳನ್ನು ಹೋಲಿಸಿದಂತಾಗುತ್ತದೆ.

ನಿಯಮಗಳ ವಿಷಯದಲ್ಲಿ ಅಂದಿನ ಪರಿಸ್ಥಿತಿ ಮರಾವಿಚ್ ಅವರಿಗೆ ಪ್ರತಿಕೂಲವೇ ಆಗಿತ್ತು. ಮೊದಲ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ನಿರ್ಬಂಧ ತೆರವಾದದ್ದು 1972-73ರಲ್ಲಿ. ಹಿಂದೆ ನಿಂತು ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಅಂಕ ಕೊಡುವ ಮೂರು ಅಂಕದ ಗೆರೆ ದೇಶದ ಎಲ್ಲ ಕಾಲೇಜು ಅಂಕಣಗಳಿಗೂ ಬಂದದ್ದು 1986-87ರಲ್ಲಿ, ಬುಟ್ಟಿಯಿಂದ 19 ಅಡಿ 9 ಅಂಗುಲ ದೂರದಲ್ಲಿ. ಕರಿ ತಮ್ಮ ಮೊದಲೆರಡು ಸೀಸನ್ ಆಡಿದ್ದು ಇದೇ ಗೆರೆಯ ಹಿಂದೆ ನಿಂತು. 2008-09ರಲ್ಲಿ ಅದು ಒಂದಡಿ ಹಿಂದಕ್ಕೆ ಸರಿಯಿತು. ಹಿಂದಿನ ವರ್ಷ 162 ಥ್ರೀ ಪಾಯಿಂಟರ್ ಹೊಡೆದಿದ್ದ ಅವರು ಆ ವರ್ಷ 130ಕ್ಕೆ ಇಳಿದರು, ಆದರೆ ಸರಾಸರಿ ಮಾತ್ರ 28.6ಕ್ಕೆ ಏರಿ ದೇಶಕ್ಕೇ ಮೊದಲಿಗರಾದರು. ದೂರದಿಂದ ಹೊಡೆಯುವುದನ್ನು ಬಿಟ್ಟರೆ ಅವರಿಗೆ ಇನ್ನೇನು ಗೊತ್ತಿತ್ತು ಎಂದು ಕೇಳುವವರು ಈ ಸೀಸನ್ನನ್ನು ಗಮನಿಸಬೇಕು.

ಮೂರು ಅಂಕದ ಎಸೆತಕ್ಕೂ ಎರಡೇ ಅಂಕ ಕೊಟ್ಟು ಲೆಕ್ಕ ಹಾಕಿದರೆ ಗೆರೆಯಿಂದ ಬಂದ ಲಾಭ ಎಷ್ಟೆಂದು ತಿಳಿಯುತ್ತದೆ. ಕರಿ ಅವರ ಒಟ್ಟು 2,635 ಅಂಕಗಳಲ್ಲಿ 414 ಥ್ರೀ ಪಾಯಿಂಟರ್‌ಗಳ ಹೆಚ್ಚುವರಿ ಅಂಕ ಕಳೆದರೆ 2,221 ಉಳಿಯುತ್ತದೆ. 104 ಪಂದ್ಯಗಳಿಗೆ ಹಂಚಿದರೆ ಪಂದ್ಯಕ್ಕೆ 21.4. ಅಂದರೆ ಗೆರೆಯ ಲಾಭ ಪಂದ್ಯಕ್ಕೆ ನಾಲ್ಕು ಅಂಕ ಮಾತ್ರ. ಆದ್ದರಿಂದ ಇಬ್ಬರ ನಡುವಿನ ಅಂತರವನ್ನು ಗೆರೆ ವಿವರಿಸುವುದಿಲ್ಲ. ಎಸೆತಗಳ ಸಂಖ್ಯೆ ವಿವರಿಸುತ್ತದೆ. ಮರಾವಿಚ್ ಒಟ್ಟು 3,166 ಬಾರಿ ಬುಟ್ಟಿಗೆ ಎಸೆದರು, ಪಂದ್ಯಕ್ಕೆ 38 ಬಾರಿ. ತಂಡದ ಕೋಚ್ ಅವರ ತಂದೆ ಪ್ರೆಸ್ ಮರಾವಿಚ್. ಮಗ ಎಷ್ಟು ಎಸೆದರೂ ಬೇಡವೆನ್ನುವವರು ಇರಲಿಲ್ಲ. ಹಾಗೆಂದು ಅದನ್ನು ಬರೀ ಮಗನ ಮೇಲಿನ ಮಮತೆ ಎನ್ನಲೂ ಆಗದು. ಅವರು ಬರುವ ಹಿಂದಿನ ಸೀಸನ್‌ನಲ್ಲಿ 3 ಪಂದ್ಯ ಗೆದ್ದು 23 ಸೋತಿದ್ದ ತಂಡ ಅವರ ಕೊನೆಯ ವರ್ಷ 22 ಪಂದ್ಯ ಗೆದ್ದಿತು.

ಇನ್ನು ಎದುರಾಳಿಗಳ ವಿಷಯ. ಮರಾವಿಚ್ ಆಡಿದ ಆಗ್ನೇಯ ರಾಜ್ಯಗಳ ಲೀಗಿನ ತಂಡಗಳಲ್ಲಿ ಆಗ ಬಹುತೇಕ ಬಿಳಿಯರೇ ಇದ್ದರು. ವ್ಯಾಂಡರ್‌ಬಿಲ್ಟ್‌ನ ಪೆರಿ ವಾಲೇಸ್ ಆ ಲೀಗಿನ ಮೊದಲ ಕಪ್ಪು ಬ್ಯಾಸ್ಕೆಟ್‌ಬಾಲ್ ಆಟಗಾರರಾಗಿ ಕಣಕ್ಕಿಳಿದದ್ದು ಮರಾವಿಚ್ ಆರಂಭಿಸಿದ ಅದೇ 1967-68ರಲ್ಲಿ. ದೇಶದ ಪ್ರತಿಭಾವಂತರಲ್ಲಿ ದೊಡ್ಡ ಪಾಲನ್ನು ಬಾಗಿಲ ಹೊರಗೇ ನಿಲ್ಲಿಸಿದ್ದ ಲೀಗಿನಲ್ಲಿ ಬಂದ ಅಂಕಗಳಿವು. ಇದರಲ್ಲಿ ಮರಾವಿಚ್ ಅವರ ತಪ್ಪೇನೂ ಇಲ್ಲ, ಆದರೂ ತೂಗುವಾಗ ಇದನ್ನು ಬಿಡಲು ಬರುವುದಿಲ್ಲ.

ಪ್ರಶ್ನೆ: ಮೂರು ಅಂಕದ ಗೆರೆ ಇದ್ದಿದ್ದರೆ ಮರಾವಿಚ್ ಅವರ ಸರಾಸರಿ 57 ಆಗುತ್ತಿತ್ತು ಎಂದು ಓದಿದ್ದೇನೆ. ನಂಬಬಹುದೇ?
— ಕಾಲೇಜು ತಂಡದ ಆಟಗಾರ, ಮೈಸೂರು

ಉತ್ತರ: ಅದೇ ವಿಶ್ವವಿದ್ಯಾಲಯದಲ್ಲಿ ಮುಂದೆ ಕೋಚ್ ಆಗಿದ್ದ ಡೇಲ್ ಬ್ರೌನ್ ಅವರ ಹೆಸರಿನಲ್ಲಿ ಈ ಲೆಕ್ಕ ಪ್ರಚಾರದಲ್ಲಿದೆ. ಒಪ್ಪುವ ಮೊದಲು ಅದನ್ನು ಕೊಂಚ ಬಿಡಿಸಿ ನೋಡಬೇಕು. 44ರಿಂದ 57ಕ್ಕೆ ಏರಬೇಕಾದರೆ ಪಂದ್ಯಕ್ಕೆ ಹದಿಮೂರು ಎಸೆತ ಗೆರೆಯಾಚೆಯಿಂದಲೇ ಬುಟ್ಟಿಗೆ ಬಿದ್ದಿರಬೇಕು. ಅವರ ಬುಟ್ಟಿಗಳು ಒಟ್ಟು 1,387. ಪಂದ್ಯಕ್ಕೆ ಹದಿನೇಳಕ್ಕಿಂತ ಸ್ವಲ್ಪ ಕಡಿಮೆ. ಹದಿನೇಳರಲ್ಲಿ ಹದಿಮೂರು ದೂರದಿಂದಲೇ ಬಿದ್ದವು ಎಂಬುದು, ಎದುರಾಳಿಯ ಫೌಲ್‌ಗೆ ಸಿಗುವ ಫ್ರೀ ಥ್ರೋಗಳನ್ನು ಪಂದ್ಯಕ್ಕೆ ಸುಮಾರು 14 ಪಡೆಯುವಷ್ಟು ಬುಟ್ಟಿಯ ಬುಡಕ್ಕೇ ನುಗ್ಗುತ್ತಿದ್ದ ಆಟಗಾರನಿಗೆ ಹೊಂದುವ ಮಾತಲ್ಲ. ಗೆರೆಯಿಂದ ಲಾಭವಂತೂ ಆಗುತ್ತಿತ್ತು, ಆದರೆ ಹದಿಮೂರು ಅಂಕದಷ್ಟಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: 2023ರಲ್ಲಿ ಡೆಟ್ರಾಯಿಟ್ ಮರ್ಸಿಯ ಆಂಟ್ವಾನ್ ಡೇವಿಸ್ ಬರೀ ಮೂರು ಅಂಕಗಳಿಂದ ಮರಾವಿಚ್ ದಾಖಲೆ ತಪ್ಪಿಸಿಕೊಂಡರು. ಐದು ವರ್ಷ ಆಡಿ ಮೂರು ವರ್ಷದ ದಾಖಲೆ ಮುರಿಯುವುದು ನ್ಯಾಯವೇ?
— ಓದುಗರು, ಬೆಳಗಾವಿ

ಉತ್ತರ: ಕೋವಿಡ್ ಕಾಲದ ಆಟಗಾರರಿಗೆ ಎನ್‌ಸಿಎಎ ಕೊಟ್ಟ ಒಂದು ಹೆಚ್ಚುವರಿ ವರ್ಷವನ್ನು ಡೇವಿಸ್ ಬಳಸಿಕೊಂಡರು, ಅದರಲ್ಲಿ ಅನ್ಯಾಯವಿಲ್ಲ. ಅವರ 3,664 ಅಂಕಗಳು ಬಂದದ್ದು 144 ಪಂದ್ಯಗಳಲ್ಲಿ. ದಾಖಲೆ ಮುರಿದಿದ್ದರೂ 83 ಪಂದ್ಯಗಳ ಎದುರು 144 ಎಂಬ ಸಂಖ್ಯೆ ಪಟ್ಟಿಯಲ್ಲಿ ಪಕ್ಕದಲ್ಲೇ ಇರುತ್ತಿತ್ತು, ಓದಬಲ್ಲವರು ಓದಿಕೊಳ್ಳುತ್ತಿದ್ದರು. ಯಂಗ್ಸ್‌ಟೌನ್ ಸ್ಟೇಟ್ ವಿರುದ್ಧದ ಕೊನೆಯ ಪಂದ್ಯದಲ್ಲಿ ಸರಿಗಟ್ಟಲು ಬೇಕಾಗಿದ್ದದ್ದು 25, ದಕ್ಕಿದ್ದು 22. ಮರಾವಿಚ್ ಕಾಲದಲ್ಲಿ ಇಲ್ಲದೇ ಇದ್ದ ಆ ಮೂರು ಅಂಕದ ಎಸೆತ ಇನ್ನೊಂದು ಬಿದ್ದಿದ್ದರೆ ಇಬ್ಬರೂ ಸಮ. ಅಂದಹಾಗೆ, ಡೇವಿಸ್ ಅವರ ಕೋಚ್ ಕೂಡ ಅವರ ತಂದೆಯೇ, ಮೈಕ್ ಡೇವಿಸ್. ಅವರ 588 ಥ್ರೀ ಪಾಯಿಂಟರ್‌ಗಳಿಗೂ ಎರಡೇ ಅಂಕ ಕೊಟ್ಟು ನೋಡಿದರೆ ಸರಾಸರಿ 21.4 ಬರುತ್ತದೆ, ಮೇಲೆ ಕರಿ ಅವರಿಗೆ ಬಂದಷ್ಟೇ. ಇದು ಕಾಕತಾಳೀಯ, ಇಬ್ಬರೂ ಸಮಾನರೆಂಬುದಕ್ಕೆ ಸಾಕ್ಷಿ ಎಂದು ಯಾರೂ ಭಾವಿಸಬಾರದು.

ಪ್ರಶ್ನೆ: ಮೈಕಲ್ ಜೋರ್ಡನ್ ಕಾಲೇಜಿನಲ್ಲಿ ಗಳಿಸಿದ್ದು ಪಂದ್ಯಕ್ಕೆ 17.7 ಅಂಕ ಮಾತ್ರ. ಹಾಗಾದರೆ ಅವರು ಕಾಲೇಜು ಮಟ್ಟದಲ್ಲಿ ಸಾಧಾರಣ ಗಾರ್ಡ್ ಎನ್ನಬೇಕೇ?
— ಸಾಫ್ಟ್‌ವೇರ್ ಉದ್ಯೋಗಿ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಹಾಗೆನ್ನುವ ಮೊದಲು 1982ರ ಮಾರ್ಚಿನಲ್ಲಿ ಉತ್ತರ ಕೆರೊಲಿನಾ ಮತ್ತು ವರ್ಜೀನಿಯಾ ನಡುವೆ ನಡೆದ ಅಟ್ಲಾಂಟಿಕ್ ಕೋಸ್ಟ್ ಲೀಗಿನ ಫೈನಲ್ ಪಂದ್ಯದ ಫಲಿತಾಂಶ ನೋಡಿ: 47-45. ಅದು ಒಂದು ತಂಡದ ಅರ್ಧ ಪಂದ್ಯದ ಅಂಕವಲ್ಲ, ಇಡೀ ಪಂದ್ಯದ್ದು. ಇಂತಿಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ಶಾಟ್ ಕ್ಲಾಕ್ ಆಗ ಇರಲಿಲ್ಲ. ಮುಂದಿರುವ ತಂಡ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ನಿಮಿಷಗಟ್ಟಲೆ ಕಾಲ ಕಳೆಯಬಹುದಿತ್ತು, ಉತ್ತರ ಕೆರೊಲಿನಾ ಆ ದಿನ ಮಾಡಿದ್ದೂ ಅದನ್ನೇ. ಜೋರ್ಡನ್ ಅವರ ಕೋಚ್ ಡೀನ್ ಸ್ಮಿತ್ ಆ ತಂತ್ರದಲ್ಲಿ ಪಳಗಿದವರು. ಎನ್‌ಸಿಎಎ 45 ಸೆಕೆಂಡಿನ ಗಡಿಯಾರ ತಂದದ್ದು 1985-86ರಲ್ಲಿ. ಅದು 1993-94ರಲ್ಲಿ 35ಕ್ಕೆ, 2015-16ರಲ್ಲಿ 30ಕ್ಕೆ ಇಳಿಯಿತು.

ಜೋರ್ಡನ್ ಅವರ ಮೂರು ಸೀಸನ್‌ಗಳನ್ನು ಬಿಡಿಯಾಗಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಸರಾಸರಿ ಮೊದಲ ವರ್ಷ 13.5, ಎರಡನೆಯ ವರ್ಷ 20.0, ಮೂರನೆಯ ವರ್ಷ 19.6. ಆ ಎರಡನೆಯ ವರ್ಷ, 1982-83ರಲ್ಲಿ, ಅವರ ಲೀಗು ಪ್ರಯೋಗಕ್ಕೆಂದು 30 ಸೆಕೆಂಡಿನ ಗಡಿಯಾರವನ್ನೂ 17 ಅಡಿ 9 ಅಂಗುಲದ ಮೂರು ಅಂಕದ ಗೆರೆಯನ್ನೂ ಜಾರಿಗೆ ತಂದಿತ್ತು. ಅವರ ಅತ್ಯುತ್ತಮ ಸರಾಸರಿ ಬಂದದ್ದು ಆ ವರ್ಷವೇ. ಅದಕ್ಕೆ ಗಡಿಯಾರವೊಂದೇ ಕಾರಣ ಎನ್ನಲಾಗದು, ಎರಡನೆಯ ವರ್ಷಕ್ಕೆ ಹುಡುಗ ಬಲಿತಿದ್ದ ಎಂಬುದೂ ಇದೆ. ಆದರೂ 17.7 ಎಂಬ ಅಂಕಿಯ ಹಿಂದೆ ಜೋರ್ಡನ್ ಅವರ ಕೈಗಿಂತ ಕಾಲದ ಕೈ ಹೆಚ್ಚು. ಗಾರ್ಡ್ ಎಂದರೆ ಅಂಕ ಗಳಿಸುವವನೆಂದೇ ತಿಳಿಯುವುದೂ ಸರಿಯಲ್ಲ. ಡ್ಯೂಕ್‌ನ ಬಾಬಿ ಹರ್ಲಿ 1989ರಿಂದ 1993ರವರೆಗಿನ ನಾಲ್ಕು ಸೀಸನ್‌ಗಳಲ್ಲಿ ಕೊಟ್ಟ 1,076 ಅಸಿಸ್ಟ್‌ಗಳು (ಜೊತೆಗಾರರ ಬುಟ್ಟಿಗೆ ದಾರಿಯಾದ ಪಾಸ್‌ಗಳು) ಬಹುಕಾಲ ದಾಖಲೆಯಾಗಿದ್ದವು, ಆ ಅವಧಿಯಲ್ಲಿ ತಂಡ 1991 ಮತ್ತು 1992ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು.

ಪ್ರಶ್ನೆ: ಅಯೋವದ ಕೇಟ್ಲಿನ್ ಕ್ಲಾರ್ಕ್ ಮರಾವಿಚ್ ಅವರನ್ನು ಹಿಂದಿಕ್ಕಿದರಲ್ಲ? ಅವರನ್ನು ಬಿಟ್ಟು ಈ ಚರ್ಚೆ ಹೇಗೆ ಪೂರ್ಣವಾದೀತು?
— ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೀವು ಕೇಳಿದ್ದು ಸರಿಯಾಗಿದೆ. 2024ರ ಮಾರ್ಚ್ 3ರಂದು ಓಹಾಯೊ ಸ್ಟೇಟ್ ವಿರುದ್ಧ ಕ್ಲಾರ್ಕ್ 3,667ನ್ನು ದಾಟಿದರು, 139 ಪಂದ್ಯಗಳ ಕೊನೆಗೆ 3,951ರಲ್ಲಿ ನಿಂತರು. ಆ ದಾಟಿದ ಎಸೆತ ಅವರು ಹೆಸರಾದ ದೂರದ ಥ್ರೀ ಪಾಯಿಂಟರ್ ಅಲ್ಲ. ಮೊದಲಾರ್ಧದ ಕೊನೆಯ ಕ್ಷಣದಲ್ಲಿ ಎದುರಾಳಿಯ ಟೆಕ್ನಿಕಲ್ ಫೌಲ್‌ನಿಂದ ದೊರೆತ ಫ್ರೀ ಥ್ರೋ. ಎಲ್ಲ ಕಾಲಕ್ಕೂ ಒಂದೇ ಆಗಿ ಉಳಿದಿರುವ ಎಸೆತ ಅದೊಂದೇ: 15 ಅಡಿ ದೂರ, ಅಡ್ಡ ಬರುವವರಿಲ್ಲ. ಪುರುಷರ ಕಾಲೇಜು ಆಟದಲ್ಲಿ ಅದರ ಯಶಸ್ಸು ದಶಕಗಳಿಂದ ಶೇಕಡಾ 70ರ ಆಸುಪಾಸಿನಲ್ಲೇ ಇದೆ. ಇಂದಿನವರು ಎಲ್ಲದರಲ್ಲೂ ಮೇಲೆಂದು ವಾದಿಸುವವರಿಗೆ ಇದು ಸ್ವಲ್ಪ ಮುಜುಗರದ ಸಂಗತಿ.

ಮಹಿಳೆಯರ ಪಟ್ಟಿಯಲ್ಲೂ ಕಾಲದ ತೊಡಕು ಇದ್ದೇ ಇದೆ. ಕಾನ್ಸಸ್‌ನ ಲಿನೆಟ್ ವುಡರ್ಡ್ 1977ರಿಂದ 1981ರವರೆಗೆ 3,649 ಅಂಕ ಗಳಿಸಿದಾಗ ಮಹಿಳೆಯರಿಗೆ ಮೂರು ಅಂಕದ ಗೆರೆಯಿರಲಿಲ್ಲ, ಕೈಯಲ್ಲಿದ್ದದ್ದು ಪುರುಷರು ಆಡುವ ದೊಡ್ಡ ಚೆಂಡು. ಸುತ್ತಳತೆಯಲ್ಲಿ ಒಂದಂಗುಲ ಚಿಕ್ಕದಾದ ಚೆಂಡು ಬಂದದ್ದು 1984-85ರಲ್ಲಿ. ಎನ್‌ಸಿಎಎ ಆಗಿನ್ನೂ ಮಹಿಳಾ ಚಾಂಪಿಯನ್‌ಶಿಪ್ ನಡೆಸುತ್ತಿರಲಿಲ್ಲವೆಂಬ ಕಾರಣಕ್ಕೆ ಅವರ ಅಂಕಗಳು ಅದರ ದಾಖಲೆ ಪುಸ್ತಕಕ್ಕೇ ಸೇರಲಿಲ್ಲ. ಕ್ಲಾರ್ಕ್ ಅವರ 548 ಥ್ರೀ ಪಾಯಿಂಟರ್‌ಗಳ ಹೆಚ್ಚುವರಿ ಅಂಕ ತೆಗೆದರೆ 3,403 ಉಳಿಯುತ್ತದೆ. ನನಗೆ ಮರಾವಿಚ್ ಹೋಲಿಕೆಗಿಂತ ಕ್ಲಾರ್ಕ್ ಮತ್ತು ವುಡರ್ಡ್ ಹೋಲಿಕೆಯೇ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ, ಏಕೆಂದರೆ ವುಡರ್ಡ್ ಆಡಿದ್ದೂ 139 ಪಂದ್ಯಗಳನ್ನೇ.

ಪ್ರಶ್ನೆ: ಎಲ್ಲರನ್ನೂ ತೂಗಿದಿರಿ. ಪುರುಷರಲ್ಲಿ ತಮ್ಮ ಆಯ್ಕೆ ಯಾರು? ನೇರವಾಗಿ ತಿಳಿಸಿ.
— ಓದುಗರು, ಶಿವಮೊಗ್ಗ

ಉತ್ತರ: ಆಸ್ಕರ್ ರಾಬರ್ಟ್‌ಸನ್. ಸಿನ್ಸಿನಾಟಿ ಪರವಾಗಿ 1957ರಿಂದ 1960ರವರೆಗೆ 88 ಪಂದ್ಯ, 2,973 ಅಂಕ, ಸರಾಸರಿ 33.8. ಮರಾವಿಚ್ 1970ರ ಜನವರಿಯಲ್ಲಿ ಮುರಿದದ್ದು ಇವರ ದಾಖಲೆಯನ್ನೇ. ಇಬ್ಬರಿಗೂ ಮೊದಲ ವರ್ಷ ಆಡಲು ಅವಕಾಶವಿರಲಿಲ್ಲ, ಗೆರೆಯಿಲ್ಲ, ಗಡಿಯಾರವಿಲ್ಲ. ಆದ್ದರಿಂದ ಇಲ್ಲಿ ಹೋಲಿಕೆ ಸಲೀಸು. ಫ್ರೀ ಥ್ರೋದಲ್ಲಿ ಒಬ್ಬರದು ಶೇಕಡಾ 78.0, ಇನ್ನೊಬ್ಬರದು 77.5, ಗುರಿಯ ಮಟ್ಟಿಗೆ ಇಬ್ಬರೂ ಒಂದೇ. ಆದರೆ ಆಟ ನಡೆಯುತ್ತಿರುವಾಗ ಎಸೆದದ್ದರಲ್ಲಿ ಮರಾವಿಚ್ ಬುಟ್ಟಿಗೆ ಹಾಕಿದ್ದು ಶೇಕಡಾ 43.8, ರಾಬರ್ಟ್‌ಸನ್ 53.5. ಯಾವುದನ್ನು ಎಸೆಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯಲ್ಲಿದೆ ಈ ಅಂತರ. ಮೇಲಾಗಿ ಪಂದ್ಯಕ್ಕೆ 15.2 ರೀಬೌಂಡ್, ಅಂದರೆ ಬುಟ್ಟಿ ತಪ್ಪಿ ಬಂದ ಚೆಂಡನ್ನು ಹಿಡಿದದ್ದು. ಅವರಿದ್ದ ಮೂರು ವರ್ಷಗಳಲ್ಲಿ ತಂಡ 79 ಪಂದ್ಯ ಗೆದ್ದು 9 ಮಾತ್ರ ಸೋತಿತು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆಂದು ಬಲ್ಲೆ. ಒಂದು, ಕಾಲೇಜಿನಲ್ಲಿ ಅವರು ಬುಟ್ಟಿಗೆ ಹತ್ತಿರದ ಫಾರ್ವರ್ಡ್ ಜಾಗದಲ್ಲೂ ಆಡಿದರು, ಆ ರೀಬೌಂಡ್‌ಗಳಲ್ಲಿ ಅದರ ಪಾಲಿದೆ, ಇದನ್ನು ಒಪ್ಪುತ್ತೇನೆ. ಎರಡು, 1959 ಮತ್ತು 1960ರಲ್ಲಿ ತಂಡ ಸೆಮಿಫೈನಲ್‌ನಲ್ಲೇ ಕ್ಯಾಲಿಫೋರ್ನಿಯಾಕ್ಕೆ ಸೋತಿತು, ಅವರು ಹೊರಟ ಮೇಲೆ 1961 ಮತ್ತು 1962ರಲ್ಲಿ ಚಾಂಪಿಯನ್ ಆಯಿತು ಎಂಬುದು. ಇದು ಕುಟುಕುವ ಮಾತೇ ಆದರೂ, ಚಾಂಪಿಯನ್ ಪಟ್ಟವನ್ನೇ ಅಳತೆಗೋಲು ಮಾಡಿದರೆ ಮರಾವಿಚ್ ಮತ್ತು ಕರಿ ಇಬ್ಬರೂ ಪಟ್ಟಿಯಿಂದ ಹೊರಗೇ ಉಳಿಯುತ್ತಾರೆ. ಮರಾವಿಚ್ ಎನ್‌ಸಿಎಎ ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಕರಿ ಅವರ ಡೇವಿಡ್ಸನ್ 2008ರಲ್ಲಿ ಕೊನೆಯ ಎಂಟರ ಘಟ್ಟದಲ್ಲಿ ಕಾನ್ಸಸ್‌ಗೆ 57-59ರಿಂದ ಸೋತಿತು.

ಎರಡನೆಯ ಗಾರ್ಡ್ ಬೇಕೆಂದರೆ ನಾನು ಕರೆಯುವುದು ಕರಿ ಅವರನ್ನು, ಹಾಸನದ ಹಿರಿಯರು ಮನ್ನಿಸಬೇಕು. ರಾಬರ್ಟ್‌ಸನ್ ಚೆಂಡು ನಡೆಸುವಾಗ ಪಕ್ಕದಲ್ಲಿರುವವರಿಗೆ ಚೆಂಡಿಲ್ಲದೆ ಆಡುವ ಕಲೆ ಗೊತ್ತಿರಬೇಕು. 2007-08ರಲ್ಲಿ ಡೇವಿಡ್ಸನ್‌ನ ಚೆಂಡು ಇರುತ್ತಿದ್ದದ್ದು ಆ ವರ್ಷ ಅಸಿಸ್ಟ್‌ನಲ್ಲಿ ದೇಶಕ್ಕೇ ಮೊದಲಿಗರಾದ ಜೇಸನ್ ರಿಚರ್ಡ್ಸ್ ಕೈಯಲ್ಲಿ. ಕರಿ ತಂಡದವರ ಬೆನ್ನ ಮರೆಯಲ್ಲಿ ಸುತ್ತಿ ಬಂದು, ಚೆಂಡು ಕೈಗೆ ಬಿದ್ದ ಕೂಡಲೇ ಎಸೆದು, 162 ಥ್ರೀ ಪಾಯಿಂಟರ್ ಹೊಡೆದರು. ಪಂದ್ಯಕ್ಕೆ 38 ಎಸೆತ ಬೇಕಾಗಿದ್ದ ಮರಾವಿಚ್ ಅವರಿಗೆ ಆ ಜಾಗ ಒಗ್ಗುತ್ತಿರಲಿಲ್ಲ.