ಮಂಗಟ್ಟೆ ಗೂಡಿಗೆ ಏಣಿ ಹಾಕಬೇಡಿ

ಪ್ರಶ್ನೆ: ಮನೆ ಹಿಂದಿನ ತಾರೆ ಮರದ ಪೊಟರೆಯನ್ನು ಯಾವುದೋ ಹಕ್ಕಿ ಮಣ್ಣು ಮೆತ್ತಿದ ಹಾಗೆ ಮುಚ್ಚಿಬಿಟ್ಟಿದೆ. ಒಂದು ಸೀಳು ಮಾತ್ರ ಉಳಿದಿದೆ, ಅದರಲ್ಲಿ ಕೊಕ್ಕು ಕಾಣುತ್ತದೆ. ಗಂಡು ಹಕ್ಕಿ ಹೆಣ್ಣನ್ನು ಕೂಡಿಹಾಕಿದೆ ಅಂತ ಕೆಲಸದವರು ಹೇಳುತ್ತಾರೆ. ಒಡೆದು ಬಿಡಿಸಬಹುದೇ? (ಕಳಸ)

ಉತ್ತರ: ಕೂಡದು. ಫೆಬ್ರುವರಿ, ಮಾರ್ಚ್ ಬಂತೆಂದರೆ ಇದೇ ಪ್ರಶ್ನೆ ಬರುತ್ತದೆ, ಕೆಲವೊಮ್ಮೆ ಗೂಡು ಒಡೆದಾದ ಮೇಲೆ.

ಅದು ಮಂಗಟ್ಟೆ, ಇಂಗ್ಲಿಷಿನಲ್ಲಿ ಹಾರ್ನ್‌ಬಿಲ್. ನಿಮ್ಮ ಕಡೆ ಮನೆ ಹಿತ್ತಿಲಿಗೆ ಬರುವುದು ಹೆಚ್ಚಾಗಿ ಬೂದು ಮಂಗಟ್ಟೆ. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇರದ ಹಕ್ಕಿ. ಕೊಕ್ಕಿನ ಮೇಲೆ ದಾಸಮಂಗಟ್ಟೆಯಂಥ ಕಿರೀಟ ಇಲ್ಲ, ಕೂಗಿದರೆ ಯಾರೋ ಕಹಕಹ ನಕ್ಕಂತಿರುತ್ತದೆ. ಬಾಗಿಲು ಮುಚ್ಚಿಕೊಂಡದ್ದು ಹೆಣ್ಣೇ, ತಾನೇ ಒಳಗೆ ಕೂತು. ನೀವು ಮಣ್ಣು ಅಂದುಕೊಂಡದ್ದು ಬಹುಪಾಲು ಅದರ ಹಿಕ್ಕೆ, ಹಣ್ಣಿನ ತಿರುಳು, ಕಸಕಡ್ಡಿ. ಒಣಗಿದರೆ ಉಡ, ಹಾವು ಸುಲಭಕ್ಕೆ ಒಡೆಯಲಾರದಷ್ಟು ಗಟ್ಟಿ. ಒಳಗೆ ಕೂತ ಹೆಣ್ಣು ರೆಕ್ಕೆ, ಬಾಲದ ದೊಡ್ಡ ಗರಿಗಳನ್ನು ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತದೆ. ಈಗ ನೀವು ಗೋಡೆ ಒಡೆದರೆ ಹಾರಲಾರದ ಹಕ್ಕಿ ನೆಲಕ್ಕೆ ಬೀಳುತ್ತದೆ, ನಿಮ್ಮ ನಾಯಿಯ ಬಾಯಿಗೆ. ಬಿಡಿಸಿದ ಪುಣ್ಯ ಇಷ್ಟೇ.

ಮೊಟ್ಟೆಯಿಂದ ಮರಿ ಹಾರುವ ತನಕ ಹೆಚ್ಚುಕಡಿಮೆ ಮೂರು ತಿಂಗಳು. ಅಷ್ಟೂ ದಿನ ಗಂಡು ಹೊರಗಿನಿಂದ ಉಣಿಸಬೇಕು. ಅದು ಬರುವುದನ್ನು ನಿಲ್ಲಿಸಿದರೆ ಒಳಗಿನ ಸಂಸಾರಕ್ಕೆ ಅನ್ನವಿಲ್ಲ. ಆದ್ದರಿಂದ ನೋಡುವ ರೀತಿ ಮುಖ್ಯ. ಮರದಿಂದ ಮೂವತ್ತು ಮೀಟರಿಗಿಂತ ಹತ್ತಿರ ಹೋಗಬೇಡಿ. ಅಡುಗೆಮನೆ ಕಿಟಕಿಯಿಂದ ಕಾಣುವುದಾದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ ತನಕ, ಮತ್ತೆ ಮಧ್ಯಾಹ್ನ ಮೂರೂವರೆ ಮೇಲೆ ಕೂರಿ. ಗಂಡು ನೇರ ಗೂಡಿಗೆ ಬರುವುದಿಲ್ಲ. ಪಕ್ಕದ ಕೊಂಬೆಯಲ್ಲಿ ಕೂತು, ಸುತ್ತ ನೋಡಿ, ಆಮೇಲೆ ಸೀಳಿಗೆ ಬಾಯಿಟ್ಟು ಗಂಟಲಿನಿಂದ ಹಣ್ಣು ಒಂದೊಂದಾಗಿ ತೆಗೆದು ಕೊಡುತ್ತದೆ. ಗಂಡಿನ ಕೊಕ್ಕು ಕಿತ್ತಳೆಗೆಂಪು, ಹೆಣ್ಣಿನದು ಮಂಕು ಹಳದಿ. ಗಂಡು ಕೊಂಬೆಯಲ್ಲೇ ಬಹಳ ಹೊತ್ತು ಕೂತು, ಗೂಡಿಗೆ ಹೋಗದೆ ಹಿಂತಿರುಗಿದರೆ ಅಡ್ಡಿ ನೀವೇ. ಎದ್ದು ಹಿಂದೆ ಸರಿಯಿರಿ.

ಚಿಕ್ಕ ಪುಸ್ತಕ ಇಡಿ: ಬಂದ ಹೊತ್ತು, ಕೊಟ್ಟ ಹಣ್ಣು ಎಷ್ಟು, ಯಾವುದು. ಆಲ, ಬಸರಿ, ಅತ್ತಿ ಸಾಮಾನ್ಯ. ರಾಮಪತ್ರೆ ಮರದ ಬೀಜಕ್ಕೆ ಸುತ್ತಿಕೊಂಡಿರುವ ಕೆಂಪು ಪತ್ರೆ ಕಂಡರೆ ಬರೆದಿಡಿ. ಮರಿ ಬಂದ ಮೇಲೆ ಓತಿ, ಮಿಡತೆ, ಜೀರುಂಡೆ ಸೇರುತ್ತವೆ. ಆ ಬದಲಾವಣೆಯ ದಿನವೇ ಒಳಗೆ ಮರಿ ಒಡೆದ ಸುದ್ದಿ, ಇಣುಕಿ ನೋಡುವ ಅಗತ್ಯವೇ ಇಲ್ಲ. ಮರದ ಬುಡದಲ್ಲಿ ಬಿದ್ದ ಬೀಜ, ಹಿಕ್ಕೆ ಗುಡಿಸಬೇಡಿ, ಕಳೆ ಕೊಚ್ಚುವ ಯಂತ್ರ ಅಲ್ಲಿ ಓಡಿಸಬೇಡಿ. ಮಳೆ ಹಿಡಿದ ಮೇಲೆ ಅಲ್ಲಿ ಏಳುವ ಸಸಿಗಳೇ ಒಂದು ನರ್ಸರಿ. ಫ್ಲ್ಯಾಶ್, ಡ್ರೋನ್, ಮೊಬೈಲಿನಲ್ಲಿ ಕೂಗು ಹಾಕುವುದು ಯಾವುದೂ ಬೇಡ.

ಗಂಡು ಒಂದು ಗಂಟೆ ಬರಲಿಲ್ಲ ಅಂತ ಗಾಬರಿಯಾಗುವವರು ಬಹಳ. ಅಷ್ಟು ಅಂತರ ಮಾಮೂಲು. ಬೆಳಗಿನಿಂದ ಸಂಜೆ ತನಕ ಪೂರ್ತಿ ಒಂದು ದಿನ ಕೂತು ನೋಡಿಯೂ ಬರದಿದ್ದರೆ ವಲಯ ಅರಣ್ಯ ಕಚೇರಿಗೆ ಹೇಳಿ. ಮರ ನೀವು ಹತ್ತಬೇಡಿ. ಏಪ್ರಿಲ್, ಮೇ ಹೊತ್ತಿಗೆ ಗೋಡೆ ಒಡೆದದ್ದು ಕಂಡರೆ ಒಳಗಿನವೇ ಕುಕ್ಕಿ ಒಡೆದಿರುತ್ತವೆ. ಜೇಡಿಮಣ್ಣು ಮೆತ್ತಿ ರಿಪೇರಿ ಮಾಡಲು ಹೋದವರೂ ಇದ್ದಾರೆ, ಏನು ಹೇಳುವುದು.

ಇನ್ನೊಂದು ವಿಷಯ, ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. 'ಪೊಟರೆ ಮರ, ಮಳೆಗಾಲದಲ್ಲಿ ಮನೆ ಮೇಲೆ ಬೀಳುತ್ತದೆ' ಅಂತ ಏಪ್ರಿಲ್‌ನಲ್ಲಿ ಮರ ಕಡಿಸುತ್ತೀರಿ. ಮಂಗಟ್ಟೆಗೆ ಮರಕುಟಿಗನ ಹಾಗೆ ತೂತು ಕೊರೆಯಲು ಬರುವುದಿಲ್ಲ. ಕೊಂಬೆ ಮುರಿದು ಕೊಳೆತ ಪೊಟರೆ ಸಿಕ್ಕರೆ ಅದೇ ಮನೆ, ವರ್ಷವರ್ಷವೂ ಅಲ್ಲಿಗೇ ಬರುತ್ತದೆ. ಹಳೆಯ ತಾರೆ, ಮತ್ತಿ, ನಂದಿ, ದಡಸಲು ಹೋದರೆ ಹಕ್ಕಿಗೆ ಬದಲಿ ಇಲ್ಲ. ಸೂರಿನ ಕಡೆ ಬಾಗಿದ ಕೊಂಬೆ ಇದ್ದರೆ ನವೆಂಬರಿನಲ್ಲೇ ಸವರಿಸಿ, ಕಾಂಡ ಮುಟ್ಟಬೇಡಿ.

ಪ್ರಶ್ನೆ: ಸಂತೆಯಲ್ಲಿ ಮಂಡಿನೋವಿಗೆ ಮಂಗಟ್ಟೆ ಎಣ್ಣೆ ಮಾರುತ್ತಾರೆ. ಗುಣ ಇದೆಯೇ? (ತೀರ್ಥಹಳ್ಳಿ)

ಉತ್ತರ: ಮಾರುವವನ ಜೇಬಿಗೆ ಇದೆ. ಶೀಶೆಯಲ್ಲಿ ನಿಜವಾಗಿ ಹಕ್ಕಿಯ ಕೊಬ್ಬಿದ್ದರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಇಲ್ಲದಿದ್ದರೆ ಬರೀ ಮೋಸ. ಮೂಳೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಅಡಿಕೆ ಮರದಲ್ಲಿ ಗಂಟಲ ಕೆಳಗೆ ಹಳದಿ ಚೀಲ ಹೊರಹಾಕುವ ಹಾರುವ ಓತಿ ವಿಷವೇ? (ಶಿರಸಿ)

ಉತ್ತರ: ಅಲ್ಲ. ಇರುವೆ ತಿಂದು ಬದುಕುತ್ತದೆ. ಬಿಸಿಲೇರುವ ಹೊತ್ತಿಗೆ ತೋಟಕ್ಕೆ ಹೋಗಿ, ಕತ್ತೆತ್ತಿ ನೋಡಿ. ಹೆಣ್ಣು ಮಣ್ಣಲ್ಲಿ ಮೊಟ್ಟೆ ಇಡಲು ಮಾತ್ರ ನೆಲಕ್ಕೆ ಇಳಿಯುತ್ತದೆ. ಆಗ ಪೊರಕೆ ಹಿಡಿದು ಓಡಿಸಬೇಡಿ.

ಪ್ರಶ್ನೆ: ಕೇರೆ ಹಾವೆರಡು ಹೆಣೆದುಕೊಂಡು ಆಡುವಾಗ ಬಟ್ಟೆ ಹಾಕಿದರೆ ಅದೃಷ್ಟವಂತೆ? (ಹೊಸನಗರ)

ಉತ್ತರ: ಅವೆರಡೂ ಗಂಡು, ಮಾಡುತ್ತಿರುವುದು ಕುಸ್ತಿ. ಬಟ್ಟೆ ಒಗೆದು ಒಣಹಾಕಿ.

ಪ್ರಶ್ನೆ: ಸೀತಾ ಅಶೋಕದ ಹೊಸ ಎಲೆ ಬಾಡಿ ಜೋತುಬಿದ್ದಿದೆ, ಬಣ್ಣವೂ ಕೆಂಪಗಾಗಿದೆ. ಯಾವ ಔಷಧಿ? (ಮಡಿಕೇರಿ)

ಉತ್ತರ: ಯಾವುದೂ ಬೇಡ. ಅದರ ಚಿಗುರು ಹುಟ್ಟುವುದೇ ಹಾಗೆ, ಬಲಿತಂತೆ ನೆಟ್ಟಗಾಗಿ ಹಸಿರಾಗುತ್ತದೆ.

ಪ್ರಶ್ನೆ: ಕಾಡಿನಿಂದ ಸೀತಾಳೆ ದಂಡೆ ತಂದು ಕುಂಡದಲ್ಲಿ ನೆಟ್ಟೆ, ಕೊಳೆಯಿತು. ಯಾಕೆ? (ಸಾಗರ)

ಉತ್ತರ: ತಂದದ್ದೇ ತಪ್ಪು, ಮಣ್ಣಿಗೆ ಹಾಕಿದ್ದು ಎರಡನೇ ತಪ್ಪು. ಅದು ಮರದ ಮೇಲೆ ಬೆಳೆಯುವ ಆರ್ಕಿಡ್, ಬೇರಿಗೆ ಗಾಳಿ ಬೇಕು. ಗಾಳಿಗೆ ಮುರಿದು ಬಿದ್ದ ಕೊಂಬೆಯಲ್ಲಿ ಸಿಕ್ಕಿದ್ದರೆ ಮಾತ್ರ ಎತ್ತಿಕೊಂಡು, ಒರಟು ತೊಗಟೆಯ ಮಾವಿಗೋ ಹಲಸಿಗೋ ತೆಂಗಿನ ನಾರಿನ ಹುರಿಯಿಂದ ಕಟ್ಟಿ. ಬೆಳಗಿನ ಬಿಸಿಲು ಬೀಳುವ ಬದಿಗೆ ಇರಲಿ. ಬೇರು ತೊಗಟೆಗೆ ಕಚ್ಚಿಕೊಂಡ ಮೇಲೆ ಹುರಿ ಬಿಚ್ಚಿ.